ಎರಡು ಹೆಸರು ಬೆಸೆದು ಒಂದು ಹೆಸರು: ಶಾಸನಗಳು ಏನನ್ನುತ್ತವೆ?

ಶಾಸನ ಓದುವವನು ಅಂತ ಸುತ್ತಿನ ಊರುಗಳಲ್ಲಿ ಒಮ್ಮೆ ಗೊತ್ತಾಯಿತೆಂದರೆ ಬರುವ ಪ್ರಶ್ನೆಗಳು ಎರಡೇ ನಮೂನೆಯವು. ಒಂದು: "ಹೊಲದಾಗ ಬರೆದ ಕಲ್ಲು ಸಿಕ್ಕದ, ಅದರ ಕೆಳಗ ನಿಧಿ ಅದ ಏನ್ರಿ?" ಇನ್ನೊಂದು: "ಕೂಸಿಗೆ ಒಂದು ಹಳೇ ಹೆಸರು ಹೇಳ್ರಿ." ಮೊದಲನೆಯದಕ್ಕೆ ಉತ್ತರ ಸುಲಭ: ಇಲ್ಲ. ಎರಡನೆಯದು ಈಚೆಗೆ ಬಿಗಿಯಾಗುತ್ತಿದೆ. ಯಾದಗಿರಿ ಜಿಲ್ಲೆಯ ಕಡೇಚೂರಿನ ಕಡೆಯಿಂದ ಬಂದ ಒಂದು ಕೋರಿಕೆಯಲ್ಲಿ ಮೂರು ಷರತ್ತುಗಳಿದ್ದವು. ತಂದೆಯ ಹೆಸರಿನ ಅಕ್ಷರವೂ ತಾಯಿಯ ಹೆಸರಿನ ಅಕ್ಷರವೂ ಇರಬೇಕು. ಬೇರೆ ಯಾರಿಗೂ ಆ ಹೆಸರು ಇರಬಾರದು. ಆದರೆ ಶಾಸನದಲ್ಲಿ ಇರಬೇಕು! ಎರಡನೆಯ ಷರತ್ತಿಗೂ ಮೂರನೆಯದಕ್ಕೂ ಹೇಗೆ ಹೊಂದಾಣಿಕೆ ಅಂತ ಕೇಳಿದರೆ ಬಂದ ಸಮರ್ಥನೆ ಇದು: "ನಮ್ಮ ರಾಜರೂ ಹಿಂಗೇ ಎರಡು ಕೂಡಿಸಿ ಹೆಸರು ಕಟ್ಟತಿದ್ರಲ್ರಿ ಸರ್, ನೃಪತುಂಗ ಅಂತ."

ಈ ಸಮರ್ಥನೆಯನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಎರಡು ಹೆಸರು ಕೂಡಿಸಿ ಒಂದು ಮಾಡುವುದು ನಮ್ಮ ಕಲ್ಲು, ತಾಮ್ರಪಟಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಆದ್ದರಿಂದ "ಇದು ಈಗಿನ ಕಾಲದ ಹುಚ್ಚು" ಅಂತ ಬೈದು ಮುಗಿಸುವವರ ಜೊತೆ ನಾನಿಲ್ಲ. ಆದರೆ ಕೂಡಿಸುವುದರಲ್ಲಿ ಎರಡು ರೀತಿ ಇದೆ. ಕೀಲು ಉಳಿಯುವ ಹಾಗೆ ಕೂಡಿಸುವುದು ಒಂದು. ಕೀಲೇ ಕಾಣದ ಹಾಗೆ ಅರೆದು ಕಲಸುವುದು ಇನ್ನೊಂದು. ಶಾಸನಗಳ ಸಾಕ್ಷಿ ಇರುವುದು ಮೊದಲನೆಯದಕ್ಕೆ. ಅದನ್ನು ತೋರಿಸಿ ಎರಡನೆಯದನ್ನು ಮಾರುವುದಕ್ಕೆ ನನ್ನ ತಕರಾರು.

ಅಕ್ಷರ ಹೆಕ್ಕುವ ಆಟ

ಈಗಿನ ವಿಧಾನ ಎಲ್ಲರಿಗೂ ಗೊತ್ತು. ಗಂಡನ ಹೆಸರಿನ ತಲೆ, ಹೆಂಡತಿಯ ಹೆಸರಿನ ಬಾಲ. ಇಲ್ಲವೆ ಇಬ್ಬರ ಮೊದಲಕ್ಷರ. ಬಂದದ್ದು ಕಿವಿಗೆ ಹಿತವಾಗಿದ್ದರೆ ಆಮೇಲೆ ಅದಕ್ಕೊಂದು ಸಂಸ್ಕೃತದ ಅರ್ಥ ಹುಡುಕುವುದು. ಕನ್ನಡದಲ್ಲಿ ಈ ಆಟಕ್ಕೆ ಒಂದು ಅಪಾಯವಿದೆ. ನಮ್ಮಲ್ಲಿ ಎರಡಕ್ಷರದ ಮಾತು ಬಹಳ. ಎಲ್ಲಿ ಕೈ ಹಾಕಿದರೂ ಏನಾದರೊಂದು ಅರ್ಥ ಸಿಕ್ಕಿಹಾಕಿಕೊಳ್ಳುತ್ತದೆ. ವಿಜಯಲಕ್ಷ್ಮಿ, ನಾಗರಾಜ ದಂಪತಿ ಅಂತ ಇಟ್ಟುಕೊಳ್ಳಿ. ವಿ, ನಾ ಸೇರಿದರೆ ವಿನಾ, ಅಂದರೆ "ಇಲ್ಲದೆ". ಹೇಮಾ, ಸಿದ್ದರಾಜು ಸೇರಿದರೆ ಹೇಸಿ. ಶರಣಪ್ಪ, ವನಜಾ ಸೇರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳುವುದಿಲ್ಲ. ಮಹೇಶ, ಸಿಂಧು ಸೇರಿದರೆ ಮಸಿ. ಶಾಸನದ ಅಚ್ಚು ತೆಗೆಯುವ ನಮ್ಮಂಥವರಿಗೆ ಇದೊಂದು ಪ್ರಿಯವಾದ ಹೆಸರು, ಕೂಸಿಗೆ ಬೇಡ.

ಇವು ತಮಾಷೆಯ ಉದಾಹರಣೆಗಳು, ಒಪ್ಪಿದೆ. ಯಾರೂ ಮಗಳಿಗೆ ಹೇಸಿ ಅಂತ ಇಡುವುದಿಲ್ಲ. ಆದರೆ ತಮಾಷೆಯ ಕೆಳಗೆ ಒಂದು ಗಟ್ಟಿ ಸಂಗತಿ ಇದೆ. ಹೆಸರಿನಿಂದ ಒಂದಕ್ಷರ ಕಿತ್ತ ಕೂಡಲೇ ಅದು ಆ ಹೆಸರಿನ ಗುರುತಾಗಿ ಉಳಿಯುವುದಿಲ್ಲ. "ವಿ" ಅನ್ನುವುದು ವಿಜಯಲಕ್ಷ್ಮಿಯೂ ಹೌದು, ವಿರೂಪಾಕ್ಷನೂ ಹೌದು, ವಿಠ್ಠಲನೂ ಹೌದು. ಕಟ್ಟಿದ ಇಬ್ಬರಿಗೆ ಬಿಟ್ಟರೆ ಮೂರನೆಯವರಿಗೆ ಆ ಹೆಸರಿನ ಬೀಗ ತೆಗೆಯಲು ಬರುವುದಿಲ್ಲ. ಮಗುವಿಗೂ ಯಾರಾದರೂ ಹೇಳಿಕೊಡಬೇಕು.

ನೃಪತುಂಗ ಹೇಗಾಯಿತು

ಈಗ ಆ ನೃಪತುಂಗನ ಮಾತಿಗೆ ಬರೋಣ. ನಮ್ಮ ಸೀಮೆಗೆ ಹತ್ತಿರದ ಮಳಖೇಡವೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಆ ಮನೆತನದ ಬಿರುದುಗಳನ್ನು ಸಾಲಾಗಿ ಬರೆದು ನೋಡ್ರಿ. ಶುಭತುಂಗ, ಜಗತ್ತುಂಗ, ನೃಪತುಂಗ. ಅಕಾಲವರ್ಷ, ಪ್ರಭೂತವರ್ಷ, ಧಾರಾವರ್ಷ, ಅಮೋಘವರ್ಷ, ನಿತ್ಯವರ್ಷ, ಸುವರ್ಣವರ್ಷ. ದಂತಿದುರ್ಗ ಖಡ್ಗಾವಲೋಕ, ಗಂಗವಾಡಿಯನ್ನು ಆಳಿದ ಕಂಭ ರಣಾವಲೋಕ. ಹಿಂದಿನ ಅರ್ಧ ಮನೆತನದ್ದು, ಮುಂದಿನ ಅರ್ಧ ಆ ವ್ಯಕ್ತಿಯದು. ತುಂಗ, ವರ್ಷ, ಅವಲೋಕ ಕಿವಿಗೆ ಬಿದ್ದ ಕೂಡಲೇ ಇದು ರಾಷ್ಟ್ರಕೂಟರ ಮನೆ ಅಂತ ಆಗಿನವರಿಗೂ ತಿಳಿಯುತ್ತಿತ್ತು, ಈಗಿನ ನಮಗೂ ತಿಳಿಯುತ್ತದೆ.

ಅವರು ಅರ್ಥಕ್ಕೆ ಹೆದರಿದವರೂ ಅಲ್ಲ. ಅಕಾಲವರ್ಷ ಅಂದರೆ ಕಾಲವಲ್ಲದ ಕಾಲದಲ್ಲೂ ಕೊಡುಗೆಯ ಮಳೆ ಸುರಿಸುವವನು. ಇವತ್ತು ಹತ್ತಿ, ತೊಗರಿ ಬೆಳೆಯುವ ನಮ್ಮ ರೈತ ಆ ಮಾತು ಕೇಳಿದರೆ ಎದೆ ಹಿಡಿದುಕೊಳ್ಳುತ್ತಾನೆ. ಆದರೂ ಮೂವರು ಕೃಷ್ಣರು ಅದನ್ನೇ ಹೊತ್ತರು. ಅಂದರೆ ಈ ಹೆಸರುಗಳಿಗೆ "ಬೇರೆ ಯಾರಿಗೂ ಇರಬಾರದು" ಅನ್ನುವ ಷರತ್ತೇ ಇರಲಿಲ್ಲ. ಅಕಾಲವರ್ಷ ಅಂತ ಮಾತ್ರ ಇರುವ ಶಾಸನ ಸಿಕ್ಕರೆ ಯಾವ ಕೃಷ್ಣ ಅಂತ ಲಿಪಿ, ಕಾಲ, ಸಾಮಂತರ ಹೆಸರು ನೋಡಿ ನಿರ್ಧರಿಸಬೇಕಾಗುವುದು ಇದಕ್ಕೇ. ಅಜ್ಜನದು ಮೊಮ್ಮಗನಿಗೆ ಬರಬೇಕು ಅನ್ನುವುದೇ ಅಲ್ಲಿನ ಆಸೆ. ಅಪರೂಪದ ಹೆಸರು ಬೇಕೆನ್ನುವವರು ನೃಪತುಂಗನನ್ನು ಸಾಕ್ಷಿಗೆ ಕರೆದರೆ ಆತ ಎದುರು ಕಕ್ಷಿಯ ಪರವಾಗಿಯೇ ಹೇಳಿಕೆ ಕೊಡುತ್ತಾನೆ.

ಕಲ್ಯಾಣದ ಚಾಲುಕ್ಯರದ್ದೂ ಇದೇ ಕಟ್ಟು. ಆಹವಮಲ್ಲ, ತ್ರೈಲೋಕ್ಯಮಲ್ಲ, ಭುವನೈಕಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ, ಜಗದೇಕಮಲ್ಲ. ಎಲ್ಲರ ಬೆನ್ನಿಗೂ ಅದೇ ಮಲ್ಲ. 12ನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳ ಸಿಂಹಾಸನ ಕಸಿದುಕೊಂಡಾಗ ತ್ರಿಭುವನಮಲ್ಲ ಅನ್ನುವ ಬಿರುದನ್ನೂ ತೆಗೆದುಕೊಂಡ. ಹೆಸರಿನ ತುಂಡಿಗೆ ಅಷ್ಟು ಬೆಲೆ ಇತ್ತು.

ಮುರಿದರೂ ಕೀಲಿನಲ್ಲಿ

ಹೆಸರನ್ನು ಕತ್ತರಿಸಿದ್ದೇ ಇಲ್ಲವೇ? ಕತ್ತರಿಸಿದ್ದಾರೆ. ಪಟ್ಟದಕಲ್ಲಿನಲ್ಲಿ ನಾವು ವಿರೂಪಾಕ್ಷ ಅನ್ನುವ ಗುಡಿ 8ನೆಯ ಶತಮಾನದಲ್ಲಿ ಕಟ್ಟಿದಾಗ ಲೋಕೇಶ್ವರ. ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿಯ ಹಳೆಯ ಹೆಸರು ತ್ರೈಲೋಕ್ಯೇಶ್ವರ. ಅದು ಆಕೆಯ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಸಂಗಮೇಶ್ವರದ್ದು ವಿಜಯೇಶ್ವರ, ವಿಜಯಾದಿತ್ಯ ಕಟ್ಟಿಸಿದ್ದು. ಇಲ್ಲಿ "ಮಹಾದೇವಿ" ಬಿದ್ದುಹೋಗಿದೆ, "ಆದಿತ್ಯ" ಬಿದ್ದುಹೋಗಿದೆ. ಆದರೆ ಕೊಯ್ದದ್ದು ಎಲ್ಲಿ ನೋಡಿ: ಪದ ಮುಗಿದು ಪದ ಶುರುವಾಗುವ ಜಾಗದಲ್ಲಿ. ಉಳಿದ "ಲೋಕ", "ವಿಜಯ" ಇಡಿಯಾದ ಮಾತುಗಳು. ಅದಕ್ಕೆ ಈಶ್ವರ ಸೇರಿ ಸಂಧಿ ಆಯಿತು. ಸಂಧಿ ಬಿಡಿಸಿದರೆ ರಾಣಿ ಒಂದು ಕಡೆ, ದೇವರು ಒಂದು ಕಡೆ. ಬಡಗಿ ಕಟ್ಟಿಗೆಯನ್ನು ಎಲ್ಲಿ ಬೇಕಾದಲ್ಲಿ ಕೊಯ್ಯಬಹುದು, ಆದರೆ ಬಾಗಿಲನ್ನು ಮತ್ತೆ ಬಿಚ್ಚಿ ಜೋಡಿಸಬೇಕಾದರೆ ಕೀಲಿನಲ್ಲೇ ಬಿಚ್ಚಬೇಕು.

ತಂದೆ ತಾಯಿ ಇಬ್ಬರ ಕಡೆಯನ್ನೂ ಒಂದೇ ಹೆಸರಿನಲ್ಲಿ ತಂದದ್ದಕ್ಕೆ ಉದಾಹರಣೆ ಬೇಕೆಂದರೆ ಕಳಿಂಗಕ್ಕೆ ಹೋಗಬೇಕು. ಅಲ್ಲಿನ ಪೂರ್ವ ಗಂಗರ ಅನಂತವರ್ಮ ಚೋಡಗಂಗನ ತಂದೆ ಗಂಗರ ರಾಜರಾಜ, ತಾಯಿ ರಾಜಸುಂದರಿ ಚೋಳ ವೀರರಾಜೇಂದ್ರನ ಮಗಳು. ತಾಯಿಯ ಚೋಡ ಮುಂದೆ, ತಂದೆಯ ಗಂಗ ಹಿಂದೆ. ಇಷ್ಟು ಸೊಗಸಾದ ಬೆಸುಗೆ ಇನ್ನೊಂದಿಲ್ಲ. ಆತನ ಕಾಲದವರಿಗೆ ಅದರಲ್ಲಿ ಎರಡು ರಾಜ್ಯಗಳ ನೆಂಟಸ್ತಿಕೆಯೇ ಕೇಳಿಸಿರಬೇಕು. ನಮ್ಮ ಕೊಡಗು, ಅರಕಲಗೂಡು ಸೀಮೆಯ ಕೊಂಗಾಳ್ವರದ್ದು ಬೇರೆ ಲೆಕ್ಕ. "ರಾಜೇಂದ್ರಚೋಳ ಪೃಥುವಿ ಕೊಂಗಾಳ್ವ" ಅಂತ ದೊರೆಯ ಹೆಸರು ಮೊದಲು, ತನ್ನದು ಆಮೇಲೆ. ಇದರಲ್ಲಿ ಪ್ರೀತಿಗಿಂತ ಅಧೀನತೆ ಹೆಚ್ಚು. ಆದರೂ ಯಾರು ಯಾರ ಕೈಕೆಳಗೆ ಅಂತ ಹೆಸರೇ ಹೇಳಿಬಿಡುತ್ತದೆ.

ಈ ಪದ್ಧತಿ ನಮ್ಮದೊಂದೇ ಅಲ್ಲ. ಹಳೆಯ ಇಂಗ್ಲೆಂಡಿನಲ್ಲೂ ಎರಡು ಪದ ಕೂಡಿದ ಹೆಸರುಗಳೇ ಹೆಚ್ಚು. ವೂಸ್ಟರಿನ ಬಿಷಪ್ ವುಲ್ಫ್‌ಸ್ಟನ್, 1095ರಲ್ಲಿ ತೀರಿಕೊಂಡವನು, ಅವನ ತಾಯಿ ವುಲ್ಫ್‌ಗಿಫು, ತಂದೆ ಎಥೆಲ್‌ಸ್ಟನ್. ತಾಯಿಯ ವುಲ್ಫ್, ತಂದೆಯ ಸ್ಟನ್ ಕೂಡಿ ವುಲ್ಫ್‌ಸ್ಟನ್: ತೋಳ, ಕಲ್ಲು. ಇವತ್ತಿನ ತಂದೆತಾಯಿ ಬಯಸುವುದು ಇದನ್ನೇ ಅಲ್ಲವೇ? ಅಲ್ಲೂ ಗಮನಿಸಬೇಕಾದದ್ದು ಒಂದೇ. ಕೂಡಿದ್ದು ಪದಗಳು, ಹೆಕ್ಕಿದ ಅಕ್ಷರಗಳಲ್ಲ.

ಬಿಡಿಸಲು ಬಾರದಿದ್ದರೆ ಏನಾಗುತ್ತದೆ

"ಬಿಡಿಸಲು ಬರಲಿಲ್ಲ ಅಂದ್ರ ಏನ್ ಮುಳುಗತದ್ರಿ?" ಅಂತ ಕೇಳಬಹುದು. ಶಾಸನ ಓದುವವರಿಗೆ ಇದು ದಿನದ ತಲೆನೋವು. ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದ ಆ ಕಲ್ಲಿನಲ್ಲಿ ಮೃಗೇಶ, ನಾಗ ಅನ್ನುವ ಮಾತುಗಳು ಒಂದು ಉದ್ದ ಸಮಾಸದೊಳಗೆ ಬೆಸೆದುಕೊಂಡಿವೆ. ಎಲ್ಲಿ ಒಡೆಯಬೇಕು ಅನ್ನುವುದರ ಮೇಲೆ ಅಲ್ಲಿ ನಿಂತವರು ಯಾರು, ಎಷ್ಟು ಜನ ಅನ್ನುವುದು ನಿಂತಿದೆ. ಕನ್ನಡದ ಅತಿ ಹಳೆಯ ದೊಡ್ಡ ಶಾಸನದಲ್ಲಿ, ಪದಗಳೆಲ್ಲ ಇಡಿಯಾಗಿದ್ದೂ, ಇಷ್ಟು ಕಷ್ಟ. ಅಕ್ಷರ ಹೆಕ್ಕಿದ ಹೆಸರಾದರೆ ಒಡೆಯುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಕಡೆ ಮಸ್ಕಿ ನೋಡಿ, ನಮ್ಮ ನೆರೆಯ ರಾಯಚೂರು ಜಿಲ್ಲೆಯದು. 1915ರವರೆಗೆ ಸಿಕ್ಕ ಬಂಡೆ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಅನ್ನುವ ಬಿರುದುಗಳು ಮಾತ್ರ ಇದ್ದವು. ಆ ವರ್ಷ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆ "ಅಸೋಕ" ಅಂತ ಹೆಸರನ್ನೇ ಹೇಳಿತು. ಆಮೇಲೆ ಭೀಮಾ ದಂಡೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಶಿಲ್ಪದ ಕೆಳಗೆ "ರಾಯೋ ಅಸೋಕೋ" ಅಂತ ಬರೆದದ್ದು ಸಿಕ್ಕಿತು. ಇಡಿಯಾದ ಒಂದು ಹೆಸರು ಎರಡು ಸಾವಿರ ವರ್ಷದ ಮೇಲೂ ಅಷ್ಟು ಕೆಲಸ ಮಾಡಬಲ್ಲುದು.

ಇದೇ ಶಿಸ್ತು ಊರ ಹೆಸರಿಗೂ ಸಲ್ಲುತ್ತದೆ. ಕಡೇಚೂರು ಅನ್ನುವುದನ್ನು "ಕಡೆ" "ಚೂರು" ಅಂತ ಒಡೆದು, ಇದು ಸೀಮೆಯ ಕಡೆಯ ಚೂರು ಅಂತ ಕಥೆ ಕಟ್ಟಲು ಒಂದು ನಿಮಿಷ ಸಾಕು. ಕೊನೆಯ "ಊರು" ಕೀಲು ಎಂಬುದು ಎಲ್ಲರಿಗೂ ಕಾಣುತ್ತದೆ. ಅದರ ಹಿಂದಿನ ಭಾಗವನ್ನು ಹಳೆಯ ಬರವಣಿಗೆಯ ರೂಪ ಮುಂದಿಟ್ಟುಕೊಳ್ಳದೆ ಒಡೆಯಬಾರದು, ಅಷ್ಟೇ. ಅದೇ ಕಡೇಚೂರಿಗೆ ಈಚೆಗೆ ಇನ್ನೊಂದು ಬೆಸುಗೆ ಆಗಿದೆ: ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ. ಸರ್ಕಾರಿ ಕಚೇರಿಯವರು ಎರಡು ಊರುಗಳ ನಡುವೆ ಒಂದು ಗೆರೆ ಎಳೆದು ಸುಮ್ಮನಾದರು. ಕಾವ್ಯಗುಣ ಏನೂ ಇಲ್ಲ. ಆದರೆ "ಕಡಿಯಾಳ" ಅಂತ ಮಾಡಲಿಲ್ಲವಲ್ಲ! ನೂರು ವರ್ಷದ ಮೇಲೆ ಆ ಫಲಕ ಓದಿದವನಿಗೆ ಯಾವ ಎರಡು ಊರಿನ ಹೊಲ ಹೋಯಿತು ಅಂತ ತಿಳಿಯುತ್ತದೆ.

ಹುಸೇನಪ್ಪ ಎಂಬ ಅರಿಸಮಾಸ

13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡ ಪದ, ಸಂಸ್ಕೃತ ಪದ ಬೆರೆಸಿ ಸಮಾಸ ಮಾಡಬಾರದು ಅನ್ನುತ್ತಾನೆ. ಅದು ಅರಿಸಮಾಸ, ದೋಷ. ಆದರೆ ಬಿರುದುಗಳಿಗೆ ಆತ ರಿಯಾಯಿತಿ ಕೊಟ್ಟಿದ್ದಾನೆ. ಮನುಷ್ಯರು ಮನುಷ್ಯರನ್ನು ಕರೆಯುವಾಗ ವ್ಯಾಕರಣಕ್ಕಿಂತ ರೂಢಿ ದೊಡ್ಡದು ಅನ್ನುವುದು ಅಷ್ಟು ಕಟ್ಟುನಿಟ್ಟಿನ ಪಂಡಿತನಿಗೂ ಗೊತ್ತಿತ್ತು.

ಆ ರಿಯಾಯಿತಿಯ ಅತಿ ದೊಡ್ಡ ಫಸಲು ಬಂದದ್ದು ನಮ್ಮ ರಾಯಚೂರು, ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ. ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ, ಲಾಲಪ್ಪ. ಇವು ಹಿಂದೂ ಮನೆಗಳ ಹೆಸರುಗಳು. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು, ಕೂಸು ಉಳಿದರೆ ನಿನ್ನ ಹೆಸರಿಡುತ್ತೇನೆ ಅಂತ ಬೇಡಿಕೊಂಡು ಇಟ್ಟಂಥವು. ಹುಸೇನ ಅರಬ್ಬಿಯಿಂದ ಬಂದದ್ದು, ಅಪ್ಪ ನಮ್ಮ ಮನೆಯದು. ನಡುವೆ ಒಂದು ಲೋಪಸಂಧಿ. ಕೀಲು ಎಷ್ಟು ಸ್ವಚ್ಛ ನೋಡ್ರಿ. ಓದು ಬಾರದ ಮುದುಕಿಯೂ ಬಿಡಿಸಬಲ್ಲಳು. ಸುರಪುರ ಸೀಮೆಯ ತಿಂಥಣಿ ಮೌನೇಶ್ವರನಿಂದ ಬಂದ ಮೋನಪ್ಪ, ಯಾದಗಿರಿ ಹತ್ತಿರದ ಮೈಲಾಪುರದ ಮೈಲಾರಲಿಂಗನಿಂದ ಬಂದ ಮೈಲಾರಪ್ಪ, ಇವುಗಳ ಪಕ್ಕದಲ್ಲೇ ಹುಸೇನಪ್ಪನೂ ಹಾಜರಿ ಪುಸ್ತಕದಲ್ಲಿ ಕೂತಿರುತ್ತಿದ್ದ.

ನಿಜವಾಗಿ ಎರಡನ್ನು ಬೆಸೆದ ಹೆಸರು ಅಂದರೆ ಇದು. ಗಂಡ ಹೆಂಡತಿಯ ಹೆಸರುಗಳಿಗಿಂತ ದೂರದ ಎರಡು ವಸ್ತುಗಳನ್ನು ಒಂದು ಕೂಸಿನ ತಲೆಯ ಮೇಲೆ ಕೂಡಿಸಿದ್ದಾರೆ. ಮತ್ತು ಈಗ ಮೊದಲು ಹೋಗುತ್ತಿರುವುದೂ ಇವೇ. ಶಾಲೆಗೆ ಸೇರಿಸುವಾಗ "ಹಳ್ಳಿ ಹೆಸರು" ಅಂತ ಬದಲಾಯಿಸುತ್ತಾರೆ. ಈಚೆಗೆ ಇನ್ನೊಂದು ಸಂಕೋಚವೂ ಸೇರಿಕೊಂಡಿದೆ: ಈ ಹೆಸರು ಯಾವ ಕಡೆಯದು ಅಂತ ಯಾರಾದರೂ ಕೇಳಿದರೆ? ಕೇಳಲಿ ಅಂತಲೇ ಇಟ್ಟ ಹೆಸರದು. ನಮ್ಮಲ್ಲಿ ಶಾಸನ ಬರೆಸಲು ದುಡ್ಡಿಲ್ಲದವರು ತಮ್ಮ ಹರಕೆಯ ದಾಖಲೆಯನ್ನು ಮಕ್ಕಳ ಮೇಲೆ ಬರೆದರು. ಆ ದಾಖಲೆ ಅಳಿಸಿ, ಆ ಜಾಗದಲ್ಲಿ ಎರಡು ಅಕ್ಷರ ಕೂಡಿಸಿ, "ಇದು ಯಾರಿಗೂ ಇಲ್ಲದ ಹೆಸರು" ಅಂತ ಹಿಗ್ಗುವುದು ನನಗೆ ನಷ್ಟದ ವ್ಯಾಪಾರವಾಗಿ ಕಾಣುತ್ತದೆ.

ತಾಯಿಯ ಪಾಲು

ಹೊಸ ಪದ್ಧತಿಯ ಪರವಾಗಿ ಒಂದು ಬಲವಾದ ಮಾತಿದೆ, ಅದನ್ನು ಮುಚ್ಚಿಡಬಾರದು. ನಮ್ಮ ಹೆಸರುಗಳಲ್ಲಿ ತಂದೆ ಬರುತ್ತಾನೆ, ಅಡ್ಡಹೆಸರು ಬರುತ್ತದೆ, ಊರು ಬರುತ್ತದೆ, ಹೆತ್ತವಳು ಬರುವುದಿಲ್ಲ. ಅಕ್ಷರ ಹೆಕ್ಕುವವರು ಕನಿಷ್ಠ ಅರ್ಧ ಪಾಲನ್ನು ಅವಳಿಗೆ ಕೊಡಲು ಹೊರಟಿದ್ದಾರೆ. ಈ ಆಸೆ ಒಳ್ಳೆಯದು.

ಹಾಗಾದರೆ ಒಂದಕ್ಷರ ಯಾಕೆ, ಇಡೀ ಹೆಸರನ್ನೇ ಕೊಡಬಾರದೇಕೆ? ಶಾತವಾಹನರಲ್ಲಿ ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ. ಕದಂಬರು, ಬಾದಾಮಿ ಚಾಲುಕ್ಯರು ಹಾರೀತೀಪುತ್ರರು. ನಿಜ, ಇವೆಲ್ಲ ತಾಯಿಯ ಗೋತ್ರದ ಕಡೆಯ ಗುರುತುಗಳು, ಅವಳ ಸ್ವಂತ ಹೆಸರಲ್ಲ. ಗೌತಮೀಪುತ್ರನ ತಾಯಿಯ ಹೆಸರು ಬಲಶ್ರೀ ಅಂತ ನಮಗೆ ಗೊತ್ತಾದದ್ದು ನಾಸಿಕದ ಗುಹೆಯಲ್ಲಿ ಆಕೆಯೇ ಬರೆಸಿದ ಶಾಸನದಿಂದ. ಪಲ್ಲವರಲ್ಲಿ ಒಬ್ಬ ನೃಪತುಂಗ ಇದ್ದಾನೆ. ಆತನ ತಾಯಿ ಶಂಖಾ ರಾಷ್ಟ್ರಕೂಟರ ಮನೆಮಗಳು ಅಂತ ಬಾಹೂರಿನ ತಾಮ್ರಪಟ ಹೇಳುತ್ತದೆ. ತವರಿನ ಹೆಸರು ಚೂರಾಗದೆ ಕಂಚಿಯವರೆಗೆ ಹೋಯಿತು. ನಮ್ಮ ಕಾಲದಲ್ಲೇ ಬೇಂದ್ರೆಯವರು ಅಂಬಿಕಾತನಯದತ್ತ ಅಂತ ತಾಯಿಯನ್ನು ಇಡಿಯಾಗಿ ಮುಂದಿಟ್ಟು, ತಾವು ಹಿಂದೆ ನಿಂತರು.

ಆಗ ಕೂಡಲೇ ಬರುವ ಪ್ರಶ್ನೆ: ಕುವೆಂಪು? ಕುಪ್ಪಳಿಯ ಕು, ವೆಂಕಟಪ್ಪನವರ ವೆಂ, ಪುಟ್ಟಪ್ಪನವರ ಪು. ಅಕ್ಷರ ಹೆಕ್ಕಿದ್ದೇ ಹೌದು. ಆದರೆ ಅದು ಕಾವ್ಯನಾಮ. ಬೆಳೆದ ಮನುಷ್ಯ ತಾನೇ ಆರಿಸಿಕೊಂಡದ್ದು. ಪುಟ್ಟಪ್ಪ ಅನ್ನುವ ಇಡೀ ಹೆಸರು ಜೊತೆಗೇ ಇತ್ತು. ಬೀಗದ ಕೈ ನಾಡಿಗೆಲ್ಲ ಗೊತ್ತಿತ್ತು. ಕೂಸಿಗೆ ನಾವು ಕೊಡುತ್ತಿರುವುದು ಪುಟ್ಟಪ್ಪ ಇಲ್ಲದ ಬರೀ ಕುವೆಂಪು.

ಇವತ್ತಿನ ಕಲ್ಲು

ಹೆಸರು ಈಗ ಸುಲಭಕ್ಕೆ ಬದಲಾಗುವುದೂ ಇಲ್ಲ. 1 ಅಕ್ಟೋಬರ್ 2023ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಪ್ರವೇಶ, ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿ, ಆಧಾರ್ ಮೊದಲಾದವಕ್ಕೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ, ಸ್ಥಳದ ಆಧಾರ. ನಮ್ಮ ಕಾಲದ ಶಿಲಾಶಾಸನ ಅದು. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಂದರೆ ಯೋಚಿಸಲು ಕಾಲಾವಕಾಶ ಇದೆ, ಅವಸರ ಬೇಡ.

ಬೆಸೆದ ಹೆಸರೇ ಬೇಕೆನ್ನುವವರಿಗೆ ನಾನು ಹೇಳುವುದು ಮೂರು ಮಾತು. ಒಂದು, ಪದದ ಕೀಲಿನಲ್ಲಿ ಕತ್ತರಿಸಿ. ಎರಡೂ ಅರ್ಧಗಳು ತಾವಾಗಿಯೇ ನಿಲ್ಲುವಂತಿರಲಿ. ಎರಡು, ಮೊದಲು ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷಿನಲ್ಲಿ ಹೊಳೆದ ಹೆಸರನ್ನು ಕನ್ನಡಕ್ಕೆ ಇಳಿಸಿದಾಗ ಮಾಸ್ತರರು ಒಂದು ರೀತಿ, ಗುಮಾಸ್ತರು ಇನ್ನೊಂದು ರೀತಿ ಬರೆಯುತ್ತಾರೆ. ತೊಟ್ಟಿಲ ಹತ್ತಿರ ಸೋದರತ್ತೆ ಕಿವಿಯಲ್ಲಿ ಕೂಗುವಾಗ ಅವಳ ನಾಲಿಗೆ ಹೊರಳಬೇಕು. ಮೂರು, ಕಲ್ಲಿನಲ್ಲಿ ಇಲ್ಲದ್ದನ್ನು ಶಾಸನದ ಹೆಸರು ಅಂತ ಹೇಳಬೇಡಿ, ಹೇಳುವವರನ್ನು ಯಾವ ಶಾಸನ, ಯಾವ ಸಾಲು ಅಂತ ಕೇಳಿ.

ಕಡೇಚೂರಿನ ಆ ಮನೆಯವರಿಗೆ ಕೊನೆಗೆ ನಾನು ಹೊಸ ಹೆಸರೇನೂ ಕಟ್ಟಿಕೊಡಲಿಲ್ಲ. ಎರಡೂ ಕಡೆಯ ಅಜ್ಜ ಅಜ್ಜಿಯರ, ಮುತ್ತಜ್ಜಿಯರ ಹೆಸರುಗಳನ್ನು ಬರೆದು ಕಳಿಸಿ ಅಂದೆ. ಹನ್ನೊಂದು ಹೆಸರು ಬಂದವು. ಅದರಲ್ಲಿ ನಾಲ್ಕು ಈಗಿನ ಮನೆಯವರೇ ಮೊದಲ ಸಲ ಕೇಳಿದವು. ಓದುಗರಲ್ಲೂ ನನ್ನ ವಿನಂತಿ ಇದೇ. ವೀರಗಲ್ಲು ಹುಡುಕಲು ಹೊರಡುವ ಮೊದಲು ಮನೆಯ ಹಳೆಯ ರೇಷನ್ ಕಾರ್ಡು, ಹೊಲದ ಪಹಣಿ ತೆಗೆದು ಅಲ್ಲಿರುವ ಹೆಸರುಗಳನ್ನು, ಹೇಗಿವೆಯೋ ಹಾಗೆ, ತಿದ್ದದೆ ಬರೆದಿಟ್ಟುಕೊಳ್ಳಿ. ಯಾರ ಹರಕೆಯಿಂದ, ಯಾರ ನೆನಪಿಗೆ ಇಟ್ಟದ್ದು ಅಂತ ಹೇಳುವವರು ಇನ್ನೂ ಇದ್ದರೆ ಪಕ್ಕದಲ್ಲಿ ಅದನ್ನೂ ಬರೆಯಿರಿ.